ಒಪ್ಪುವುದಿಲ್ಲ ಎಂಬ ಮಾತು

ನಾನೇ ಕೆತ್ತಿದ ತೊಟ್ಟಿಲನ್ನು ಹೆಗಲ ಮೇಲೆ ಹೊತ್ತು ಬೂಗ್ ನದಿಯ ದಡಕ್ಕೆ ಹೋದರೆ ದೋಣಿಗೆ ಸರಪಳಿ ಬಿಗಿದಿತ್ತು. ಪಕ್ಕದಲ್ಲಿ ಕಪ್ಪು ಹಳದಿ ಪಟ್ಟೆಯ ಹೊಸ ಕಂಬ. ಅದರ ಬುಡದಲ್ಲಿ ಆಸ್ಟ್ರಿಯಾದ ಇಬ್ಬರು ಸಿಪಾಯಿಗಳು.

"ಏಯ್ ಒನುಫ್ರಿ, ಬಿಚ್ಚೋ ದೋಣಿ. ಸಲೋಮೆಯಾಗೆ ದಿನ ತುಂಬಿದೆ. ಮಗಳ ಹತ್ರ ಹೋಗ್ಬೇಕು."

ಅಂಬಿಗ ಒನುಫ್ರಿ ಕೂತಲ್ಲಿಂದ ಏಳಲಿಲ್ಲ. "ಆಚೆ ದಡ ಇನ್ನು ಪ್ರಶ್ಯಾದ್ದಂತೆ ಧಣಿ. ಈಚೆದು ಆಸ್ಟ್ರಿಯಾದ್ದು. ಮೂಡಣದ ಕಡೆಯೆಲ್ಲ ರಷ್ಯಾದವರು ನುಂಗಿದ್ರಂತೆ."

"ಮತ್ತೆ ಪೋಲೆಂಡು?"

"ನಾನು ದೋಣಿಗೆ ಹುಟ್ಟು ಹಾಕೋನು. ಅದೆಲ್ಲ ಧಣಿಗಳಿಗೆ ಗೊತ್ತಿರ್ಬೇಕು."

ಧಣಿಯಂತೆ! ನನ್ನದು ನಾಲ್ಕು ಪಟ್ಟಿ ನೆಲ, ಒಂದು ಎತ್ತು. ಉಳುವಾಗಲೂ ಅಪ್ಪನ ಕತ್ತಿಯನ್ನು ಹುರಿಯಿಂದ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಕಾಲು ಮಾತ್ರ ಬರಿಗಾಲು. ಆದರೆ ಕತ್ತಿ ಕಟ್ಟುವ ಮನೆತನದವನಿಗೆ ನಮ್ಮ ಪೋಲೆಂಡಿನಲ್ಲಿ ಒಂದು ಹಕ್ಕಿತ್ತು. ಸಭೆಯಲ್ಲಿ ಒಬ್ಬನೇ ಒಬ್ಬ ಎದ್ದು "ಒಪ್ಪುವುದಿಲ್ಲ" ಎಂದರೆ ಸಾಕು, ಸಭೆ ಮುರಿಯುತ್ತಿತ್ತು. ರಾಜನೂ ಏನೂ ಮಾಡುವಂತಿರಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಆ ಮಾತನ್ನು ನಾನೂ ಆಡಿದ್ದೆ. ಇಗರ್ಜಿಯೊಳಗೆ ಸಭೆ ಸೇರಿತ್ತು. ನೆರೆಯವರು ಬಲಿತಿದ್ದಾರೆ, ನಮ್ಮ ಸೈನ್ಯ ಸಾಲದು, ಎಲ್ಲರೂ ತೆರಿಗೆ ಕೊಟ್ಟು ಬೆಳೆಸೋಣ ಎಂಬುದು ವಿಷಯ. ಅದರ ಹಿಂದಿನ ದಿನ ದೊಡ್ಡ ಜಮೀನ್ದಾರನ ಕಾರಭಾರಿ ಮನೆಗೆ ಬಂದು ಒಂದು ಜೊತೆ ಕೆಂಪು ಬೂಟು ಕೊಟ್ಟಿದ್ದ. "ನಾಳೆ ಒಂದ್ಸಲ ಕೂಗಿಬಿಡು ಸೆವೆರಿನ್. ನಿನ್ನ ಗಂಟಲು ದೊಡ್ಡದು" ಎಂದಿದ್ದ.

ಕೂಗಿದೆ. ಸಭೆ ಮುರಿಯಿತು. ಜನ ನನ್ನನ್ನು ಹೊತ್ತುಕೊಂಡೇ ಹೆಂಡದಂಗಡಿಗೆ ಹೋದರು. ಬೂಟು ಎರಡು ಚಳಿಗಾಲ ಬಾಳಿತು.

ಈಗ ದೋಣಿಯತ್ತ ಹೆಜ್ಜೆಯಿಟ್ಟರೆ ಒಬ್ಬ ಸಿಪಾಯಿ ಕೋವಿ ಅಡ್ಡ ಹಿಡಿದ. ತೊಟ್ಟಿಲು ಕೆಳಗಿಟ್ಟು, "ಒಪ್ಪಲ್ಲ! ನಾನು ಒಪ್ಪಲ್ಲ!" ಎಂದು ಕಿರುಚಿದೆ. ಜೊಂಡಿನೊಳಗಿನ ಬಾತುಗಳು ಎದ್ದು ಹಾರಿದವು.

ಸಿಪಾಯಿ ಒನುಫ್ರಿಯತ್ತ ನೋಡಿದ. ಒನುಫ್ರಿ ಅರೆಬರೆ ಜರ್ಮನ್‌ನಲ್ಲಿ ಏನೋ ಹೇಳಿದ. ಸಿಪಾಯಿ ನಗಲಿಲ್ಲ, ಬೈಯಲೂ ಇಲ್ಲ. ಮೆಲ್ಲಗೆ ಒಂದು ಮಾತು ಆಡಿದ.

"ಏನಂತೆ ಅವನದು?"

"ನಿಮ್ಮನ್ನ ಯಾರು ಕೇಳಿದ್ರು ಅಂತಾನೆ." ಒನುಫ್ರಿ ನೀರಿಗೆ ಉಗಿದ. "ಜೋರಾಗೇ ಕೂಗಿದ್ರಿ ಧಣಿ. ಆವತ್ತಿನ ಹಾಗೇ."

ಅವನ ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಅವನು ಮುಖ ತಪ್ಪಿಸಲಿಲ್ಲ. ಕೈ ತಾನಾಗಿ ಇಳಿಯಿತು.

ಎಂಟು ದಿನ ಬೆಳಿಗ್ಗೆ ಎದ್ದು ತೊಟ್ಟಿಲು ಹೊತ್ತು ಹೋದೆ, ಹೊತ್ತು ಬಂದೆ. ಒಂಬತ್ತನೆಯ ದಿನ ಆಚೆ ದಡದಲ್ಲಿ ನನ್ನ ಅಳಿಯ ಕಾಣಿಸಿಕೊಂಡ. ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದ. ಗಂಟು ಕಾಲು ಒದೆಯುತ್ತಿತ್ತು.

"ಗಂಡೋ ಹೆಣ್ಣೋ?" ಎಂದೆ. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು. ಅವನು ತಲೆಯಾಡಿಸಿದ, ಕೇಳಿಸಲಿಲ್ಲವೆಂದು.

"ಸಲೋಮೆಯಾ ಎಲ್ಲೋ?"

ಮಗಳ ಹೆಸರು ಮಾತ್ರ ಹೇಗೋ ನದಿ ದಾಟಿತು. ಅವನು ಮಗುವನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ತಲೆಯ ಟೋಪಿ ತೆಗೆದ. ಮತ್ತೆ ಹಾಕಿಕೊಳ್ಳಲಿಲ್ಲ. ನನ್ನ ಪಕ್ಕದಲ್ಲಿ ಒನುಫ್ರಿಯೂ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

ನಾನು ಬಾಯಿ ತೆರೆದೆ. ಯಾವ ಮಾತು ಬರುತ್ತಿದೆ ಎಂದು ಗೊತ್ತಾಯಿತು. ಬಾಯಿ ಮುಚ್ಚಿಕೊಂಡೆ.