ಗ್ಯಾಂಬಿಯಾದ ಚಿಲ್ಲರೆ

ಬಾಯಿಗೆ ಬಂದ ಮಾತನ್ನು ಗುರುಬಸವ ಚಹದೊಂದಿಗೆ ನುಂಗಿದ. ಅಡುಗೆಕಟ್ಟೆಯ ಮೇಲೆ, ಅಮಾವಾಸ್ಯೆಗೆಂದು ತಿಕ್ಕಿಟ್ಟ ದೇವರ ಹಿತ್ತಾಳೆ ಸಾಮಾನುಗಳ ನಡುವೆ, ಅವನ ಗ್ಯಾಂಬಿಯಾದ ನಾಣ್ಯಗಳು ಫಳಫಳ ಹೊಳೆಯುತ್ತಿದ್ದವು.

"ಹುಣಸಿಹಣ್ಣು ಹಚ್ಚಿ ತಿಕ್ಕೀನ್ರಿ," ಎಂದಳು ಹೆಂಡತಿ ಮಹಾದೇವಿ. "ಇವತ್ತ ಮಾಟುಂಗಾದಾಗ ನಾಕ್ ಮಂದಿಗೆ ತೋರಸವ್ರು. ಕರ್ರಗ ಹೊಲಸ ಹಿಡದಿದ್ವು. ಇವುಗಳ ಮ್ಯಾಲ ಶೇಂಗಾ ಅದಾವಲ್ರಿ! ಥೇಟ್ ನಮ್ಮ ಇಂಡಿ ಕಡೀ ಶೇಂಗಾ."

"ಹೂಂ."

"ಸಿಟ್ಟ ಬಂತೇನ್ರಿ?"

"ಇಲ್ಲ. ಲೋಕಲ್ ತಪ್ಪತದ."

ಒಂದು ಬುಟುಟ್, ಗ್ಯಾಂಬಿಯಾದ ಪೈಸೆ. ಈಗ ಅಲ್ಲಿಯೂ ಯಾರೂ ಕೇಳದ ಚಿಲ್ಲರೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಗುರುಬಸವನಿಗೆ ಟಂಕಸಾಲೆಯಿಂದ ನೇರ ಬಂದ ಹೊಸ ನಾಣ್ಯ ಬೇಕಿರಲಿಲ್ಲ, ಸವೆದದ್ದೇ ಬೇಕು. ಮೀನು ಮಾರುವವಳ ಒದ್ದೆ ಬೆರಳು, ಕೂಲಿಯವನ ಬೆವರು, ಯಾವುದೋ ಮಗುವಿನ ಮುಷ್ಟಿ ಸೇರಿ ಕಂದಿಸಿದ ಕಂಚು. ಸಂಜೆ ಅದನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತರೆ ಯಾರದೋ ಕೈ ಹಿಡಿದಂತಾಗುತ್ತಿತ್ತು. ಗೋರೆಗಾಂವಿನ ಆ ಮನೆಯಲ್ಲಿ ಹಾಗೆ ಅನ್ನಿಸುವಂಥದ್ದು ಅವನಿಗೆ ಬೇರೇನೂ ಇರಲಿಲ್ಲ.

ಲೋಕಲ್ ರೈಲಿನಲ್ಲಿ ಯಾರೋ ಸರಿದು, "ಬೈಠೋ ಅಂಕಲ್," ಎಂದು ಅರ್ಧ ಸೀಟು ಬಿಟ್ಟುಕೊಟ್ಟರು. ಭುಜ ತಾಗದಂತೆ ಮೈ ಹಿಡಿ ಮಾಡಿಕೊಂಡು ಕುಳಿತ.

ಮಾಟುಂಗದ ಉಡುಪಿ ಹೋಟೆಲಿನಲ್ಲಿ ನಾಣ್ಯ ಸಂಗ್ರಹಿಸುವವರು ಆಗಲೇ ಸೇರಿದ್ದರು. ಅವರಲ್ಲೊಬ್ಬನಾದ ಸಂದೀಪ, ಗುರುಬಸವ ತಂದ ನಾಣ್ಯಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಅಯ್ಯಯ್ಯೋ, ಏನು ಮಾಡಿದ್ರಿ ಮಾರಾಯ್ರೆ! ತೊಳೆದದ್ದಾ? ಹಳೇ ನಾಣ್ಯ ತೊಳೆದ್ರೆ ಖಲಾಸ್ ಅಲ್ವಾ? ಚರ್ಮ ಸುಲಿದ ಹಾಗೆ. ಸೋಪಾ?"

"ಹುಣಸೆಹಣ್ಣು."

"ಮತ್ತೆ ಒಗ್ಗರಣೆ ಯಾವಾಗ ಸರ್?"

ಮೇಜಿನ ಸುತ್ತ ನಗು ಎದ್ದಿತು. ಅದು ಇಳಿದ ಮೇಲೆ ಸಂದೀಪ ಮೆಲ್ಲಗೆ ಕೇಳಿದ: "ಮನೇಲಿ ಗೊತ್ತಾಗದೆ ತೊಳೆದದ್ದಾ?"

"ಅಲ್ಲ. ನಾನೇ."

ಸಂದೀಪ ತನ್ನ ತಟ್ಟೆಯ ವಡೆಯೊಂದನ್ನು ಗುರುಬಸವನ ತಟ್ಟೆಗೆ ಜರುಗಿಸಿದ.

ಹೆಂಡತಿಯನ್ನು ಕಾಪಾಡಲು ಸುಳ್ಳು ಹೇಳಿದೆನೋ, ಅವಳ ಹೆಸರು ಇಲ್ಲಿಯವರೆಗೆ ಬರುವುದೇ ಬೇಡವಾಗಿತ್ತೋ? ಲೋಕಲ್ ಹಿಡಿದು ಗೋರೆಗಾಂವಿನಲ್ಲಿ ಇಳಿದರೂ ಗುರುಬಸವನಿಗೆ ತಿಳಿಯಲಿಲ್ಲ.

ಮಹಾದೇವಿ ಬಾಗಿಲಲ್ಲೇ ಇದ್ದಳು.

"ಏನಂದ್ರು?"

"ಛಲೋ ಅದಾವ ಅಂದ್ರು."

"ನಾ ಹೇಳಿದ್ದಿಲ್ಲೇನು!" ಆಕೆಯ ಮುಖ ಅರಳಿತು. "ಕೊಡ್ರಿಲ್ಲೆ. ಮಂದಿ ಕೈ ಹತ್ತಿರತಾವು, ಒರಸಿಡತೀನಿ."

ಚಾಚಿದ ಕೈಯನ್ನು ನೋಡಿದ. ಹುಳಿಗೆ ಬೆರಳ ತುದಿಗಳು ಬಿರಿದಿದ್ದವು. ನಾಣ್ಯಗಳಿಂದ ಬಿಟ್ಟ ಕಪ್ಪು, ಅವನು ಇಷ್ಟು ವರ್ಷ ಸವರಿದ ಅದೇ ಕಪ್ಪು, ಆ ಬಿರುಕುಗಳಲ್ಲಿ ಕೂತಿತ್ತು. ಹಿಡಿದುಕೊಳ್ಳಬೇಕು ಅನ್ನಿಸಿತು. ಆಕೆಯೂ ಒಂದು ಕ್ಷಣ ಕಾದಂತಿತ್ತು.

ಅವನು ತನ್ನ ಕೈಯನ್ನು ಇನ್ನಷ್ಟು ಮೇಲೆತ್ತಿ, ಬೆರಳಿಗೆ ಬೆರಳು ತಾಗದ ಹಾಗೆ, ನಾಣ್ಯಗಳನ್ನು ಒಂದೊಂದಾಗಿ ಬಿಟ್ಟ. ಎಲ್ಲ ಬಿದ್ದ ಮೇಲೂ ಆ ಅಂಗೈ ಚಾಚಿಕೊಂಡೇ ಇತ್ತು.