ಅಕ್ಕೋರು ಕೇಳಿದ ಗೋಡೆ

ಕರಿಮಣ್ಣಿನ ಮೇಲೆ ಎಳೆದ ಸುಣ್ಣದ ಗೆರೆ ಸಂಜೆಯ ಬೆಳಕಿನಲ್ಲಿ ಹೇಗೆ ಕಾಣುತ್ತದೆಂಬುದನ್ನು ನೋಡಿದವರೇ ಬಲ್ಲರು. ಸುತ್ತಲಿನದೆಲ್ಲ ಮಂಕಾಗುತ್ತ ಬಂದರೂ ಆ ಗೆರೆ ಬೆಳ್ಳಗೆ ಉಳಿಯುತ್ತದೆ. ನೀಲಾಂಬಿಕಾ ಅಕ್ಕೋರು ಸೆರಗನ್ನು ಸೊಂಟಕ್ಕೆ ಬಿಗಿದು, ತಳದಲ್ಲಿ ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದರು. ಅವರು ಗೆರೆ ಮುಗಿಸುವವರೆಗೆ ನಾವು ಹೆಂಗಸರು ಆಚೆ ನಿಂತು ಕಾಯುತ್ತಿದ್ದೆವು. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಮನೆ, ಒಲೆ, ಅತ್ತೆ, ಮಾವ ಎಲ್ಲವೂ ಹೊರಗುಳಿಯುತ್ತಿದ್ದವು.

ನಮ್ಮೂರಿನ ಹಳೆಯ ಹತ್ತಿ ಪೇಟೆಯ ಹಿಂದೆ ಆ ಬಯಲಿತ್ತು. ಒಂದು ಕಾಲಕ್ಕೆ ಹತ್ತಿಯ ಅಂಡಿಗೆಗಳನ್ನು, ದೊಡ್ಡ ಮೂಟೆಗಳನ್ನು ಒಟ್ಟುತ್ತಿದ್ದ ಜಾಗ. ವ್ಯಾಪಾರ ಕುಸಿದ ಮೇಲೆ ಪುರಸಭೆಯ ಸ್ವತ್ತಾಗಿ ಖಾಲಿ ಬಿದ್ದಿತ್ತು. ಅಕ್ಕೋರು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಮದುವೆಯಾದವರಲ್ಲ. ಸುಮ್ಮನೆ ಕೂರುವುದು ಅವರಿಗೆ ಗೊತ್ತಿರಲಿಲ್ಲ. ಓಣಿ ಓಣಿ ತಿರುಗಿ, ಬಾಗಿಲಲ್ಲಿ ನಿಂತು, ಹೆಂಗಸರನ್ನು ಸಂಜೆ ಆಟಕ್ಕೆ ಕಳಿಸಿರೆಂದು ಕೇಳಿದರು. ನನ್ನ ಅತ್ತೆಗೆ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ.

"ನಿಮ್ಮ ಸೊಸಿನ್ನ ಒಂದ್ ತಾಸು ನನಗ ಕೊಡ್ರಿ. ಮುರೀದಂಗ ತಂದು ಮುಟ್ಟಸ್ತೀನಿ."

ಅತ್ತೆ ನಕ್ಕುಬಿಟ್ಟರು. ಹಾಗೆ ನಾನು ಬಯಲಿಗೆ ಹೋದೆ.

ಅಲ್ಲಿ ನನಗೆ ಸಿಕ್ಕವಳು ಮೆಹಬೂಬಿ. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಇಡೀ ದಿನ ಬೆನ್ನು ಬಗ್ಗಿಸಿ ಕೂತವಳು ಥ್ರೋಬಾಲಿಗೆ ಬಂದು ನಿಂತರೆ ಬಿಲ್ಲಿನಂತೆ ಸೆಟೆಯುತ್ತಿದ್ದಳು. ಅವಳು ಎಸೆದ ಚೆಂಡನ್ನು ಹಿಡಿಯುವುದು ನಮಗಾರಿಗೂ ಆಗುತ್ತಿರಲಿಲ್ಲ. ಚೆಂಡು ನೆಲಕ್ಕೆ ಬಿದ್ದಾಗ ಅವಳು ನಗುತ್ತಿದ್ದ ನಗು ಪೇಟೆಯ ತಗಡಿನ ಶೆಡ್ಡುಗಳಿಗೆ ಬಡಿದು ತಿರುಗಿ ಕೇಳುತ್ತಿತ್ತು.

ಆ ನಗುವೇ ಮುಳುವಾಯಿತೇನೋ. ರಸ್ತೆಯ ಬದಿಯ ಚಹಾದ ಅಂಗಡಿಯಲ್ಲಿ ಗಂಡಸರು ಗುಂಪುಗೂಡತೊಡಗಿದರು. ಮೊದಲು ನೋಡಿದರು, ಆಮೇಲೆ ಸಿಳ್ಳೆ ಹಾಕಿದರು. ಒಂದು ಸಂಜೆ ಯಾರೋ ಮೆಹಬೂಬಿಯ ಹೆಸರು ಹಿಡಿದು ಕೂಗಿದರು. ಮರುದಿನ ಅವಳು ಬರಲಿಲ್ಲ. ಅವಳ ಹಿಂದೆಯೇ ಇನ್ನೂ ಕೆಲವರು ಬರುವುದನ್ನು ನಿಲ್ಲಿಸಿದರು. ಅಕ್ಕೋರು ಎಂದಿನಂತೆ ಗೆರೆ ಎಳೆದರು. ಅದನ್ನು ದಾಟಿ ಆಡಲು ಮಾತ್ರ ಜನ ಸಾಲಲಿಲ್ಲ.

"ಇಲ್ಲೊಂದು ಗ್ವಾಡಿ ಆಗಬೇಕು," ಎಂದರು ಅವರು. "ಗ್ವಾಡಿ ಆದ್ರ ಎಲ್ಲಾ ತಿರುಗಿ ಬರ್ತಾರ."

ಪುರಸಭೆಯ ಅಧ್ಯಕ್ಷ ಮಹಾರುದ್ರಪ್ಪನವರ ತಂಗಿಯರು ಅಕ್ಕೋರ ಕೈಯಲ್ಲಿ ಕಲಿತವರು. ಆ ಸಲುಗೆಯಿಂದ ಅಕ್ಕೋರು ನನ್ನನ್ನೂ ಕರೆದುಕೊಂಡು ನೇರ ಅಧ್ಯಕ್ಷರ ಕೋಣೆಗೆ ಹೋದರು. ಮಹಾರುದ್ರಪ್ಪನವರು ಎದ್ದು ನಿಂತು ಕೈಮುಗಿದರು.

"ಬರೇ ಗ್ವಾಡಿ ಯಾಕ್ರಿ ಅಕ್ಕೋರ? ಊರಿಗೊಂದು ಚಂದನ್ನ ಪಾರ್ಕನ ಮಾಡೂಣು. ನೀವ ಮುಂದ ನಿಂತು ಹೇಳ್ರಿ, ನಾವು ಮಾಡ್ತೀವಿ."

ಅಂದು ಮನೆಗೆ ಬರುವಾಗ ಅಕ್ಕೋರು ದಾರಿಯುದ್ದಕ್ಕೂ ಮಾತಾಡಿದರು. ನಡುವೆ ಆಟದ ಅಂಗಳ, ಒಂದು ಮಗ್ಗುಲಿಗೆ ಖೊಖೊ ಕಂಬ, ಮುದುಕಿಯರು ಕೂತು ನೋಡಲು ನೆರಳು, ಕೂಸುಗಳಿಗೆ ಜೋಕಾಲಿ, ಹೆಂಗಸರಿಗೊಂದು ಶೌಚಾಲಯ. ಬೇಸಿಗೆ ರಜೆಯಲ್ಲಿ ಶಿಬಿರ, ಹುಣ್ಣಿಮೆಯ ಸಂಜೆ ಹಾಡು, ಓಣಿ ಓಣಿಗಳ ನಡುವೆ ಪಂದ್ಯ. ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಸಮಿತಿಯಾಯಿತು. ಅದರಲ್ಲಿ ಅಕ್ಕೋರೊಬ್ಬರೇ ಹೆಂಗಸು. ಜೊತೆಗಿರಲೆಂದು ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಪ್ರತಿ ಸಭೆಯಲ್ಲೂ ಅವರಿಗೆ ಮೊದಲು ಚಹಾ ಬರುತ್ತಿತ್ತು, ಆಮೇಲೆ ಅವರು ಕೇಳಿದ್ದರಲ್ಲಿ ಒಂದು ಬಿದ್ದುಹೋಗುತ್ತಿತ್ತು. ಶೌಚಾಲಯಕ್ಕೆ ಕೊಳವೆ ದೂರವಾಯಿತು. ನೆರಳಿನ ಜಾಗದಲ್ಲಿ ಕಾರಂಜಿ ಬಂತು. ಖೊಖೊ ಕಂಬದ ಜಾಗದಲ್ಲಿ ಮಹಾರುದ್ರಪ್ಪನವರ ತಂದೆಯ ಪ್ರತಿಮೆ ಬಂತು. "ಮುಂದಿನ ಹಂತದಾಗ ಮಾಡೂಣ್ರಿ ಅಕ್ಕೋರ," ಎನ್ನುತ್ತಿದ್ದರು ಅಧ್ಯಕ್ಷರು. ಅಕ್ಕೋರು ಹೊರಗೆ ಬಂದು ನನಗೆ ಹೇಳುತ್ತಿದ್ದರು, "ಹೋಗಲಿ ಬಿಡು. ಗ್ವಾಡಿ ಏಳಾಕ್ಹತ್ತೇತಲ್ಲ."

ಗೋಡೆ ನಿಜವಾಗಿಯೂ ಏಳುತ್ತಿತ್ತು, ಆಳಿಗಿಂತ ಎತ್ತರ. ಕೆಲಸ ನಡೆದಿರುವಷ್ಟು ಕಾಲ ಬಯಲಿಗೆ ಯಾರನ್ನೂ ಬಿಡಲಿಲ್ಲ. ಅಕ್ಕೋರು ಮೆಹಬೂಬಿಯ ಮನೆಗೆ ಹೋಗಿ, ಅವಳ ಅಣ್ಣನನ್ನು ಕೂರಿಸಿಕೊಂಡು ಒಪ್ಪಿಸಿದರು. ಗೋಡೆಯೊಳಗೆ ಆಡಿದರೆ ಯಾರ ಕಣ್ಣೂ ಬೀಳದೆಂದು ಅವನೂ ತಲೆಯಾಡಿಸಿದ.

ಉದ್ಘಾಟನೆಯ ದಿನ ಅಕ್ಕೋರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಊರಿನ ಹೆಂಗಸರ ಬಹುದಿನದ ಕನಸು ಈಡೇರಿತೆಂದು ಅಧ್ಯಕ್ಷರು ಭಾಷಣ ಮಾಡಿದರು. ಅಕ್ಕೋರ ಮುಖದಲ್ಲಿ ಸಂಕೋಚವೂ ಸಂತೋಷವೂ ಒಟ್ಟಿಗೆ ಇದ್ದವು.

ಮರುದಿನ ಸಂಜೆ ನಾವೆಲ್ಲ ಹೋದೆವು. ಎಷ್ಟೋ ದಿನಗಳ ಮೇಲೆ ಮೆಹಬೂಬಿಯೂ ಬಂದಿದ್ದಳು. ನಡುವಿನ ಅಂಗಳದ ತುಂಬ ಹಸಿರು ಹುಲ್ಲು ಹಾಸಿದ್ದರು. ಅಕ್ಕೋರು ಸುಣ್ಣದ ಡಬ್ಬಿ ತೆಗೆದು ಬಗ್ಗಿದರು. ಪುಡಿ ಹುಲ್ಲಿನ ಎಸಳುಗಳ ನಡುವೆ ಇಳಿದು ಮಾಯವಾಯಿತು. ಎಷ್ಟು ಉದುರಿಸಿದರೂ ಗೆರೆ ಮೂಡಲಿಲ್ಲ. ಅಷ್ಟರಲ್ಲಿ ಕಾವಲುಗಾರ ಓಡಿ ಬಂದ.

"ಅಕ್ಕೋರ, ಹುಲ್ಲ ತುಳೀಬ್ಯಾಡ್ರಿ. ಚೆಂಡಾಟ ಇಲ್ಲಿ ನಡಿಯಂಗಿಲ್ಲ. ಸಾಹೇಬ್ರು ಹೇಳ್ಯಾರ."

ಅಕ್ಕೋರು ಡಬ್ಬಿ ಹಿಡಿದುಕೊಂಡೇ ಅಧ್ಯಕ್ಷರ ಮನೆಗೆ ನಡೆದರು. ನಾನು ಹಿಂದೆ ಓಡಿದೆ. ಮಹಾರುದ್ರಪ್ಪನವರು ಪಡಸಾಲೆಯಲ್ಲಿ ಕೂತಿದ್ದರು. ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ.

"ಚೆಂಡಾಟ ಬ್ಯಾಡ ಅಂತ ಸಭಾದಾಗ ಎಲ್ಲಾರೂ ಕೂಡೇ ಠರಾವು ಮಾಡೇವಲ್ರಿ ಅಕ್ಕೋರ. ಮೊದಲು ಕೈ ಎತ್ತಿದವರು ನೀವ."

ಅಕ್ಕೋರು ನನ್ನತ್ತ ನೋಡಿದರು. ನನಗೂ ನೆನಪಾಯಿತು. ಹುಡುಗರು ಕ್ರಿಕೆಟ್ ಆಡಿ ಹೂಗಿಡ ಮುರಿಯುತ್ತಾರೆ, ಒಳಗೆ ನುಗ್ಗಿ ಹೆಂಗಸರಿಗೆ ತೊಂದರೆ ಕೊಡುತ್ತಾರೆ ಎಂಬ ಮಾತು ಬಂದಿತ್ತು. ಹಾಗಾದರೆ ಚೆಂಡಾಟವೇ ಬೇಡವೆಂದು ಯಾರೋ ಅಂದರು. ಅಕ್ಕೋರು ತಕ್ಷಣ ಕೈ ಎತ್ತಿದ್ದರು. ಚೆಂಡಾಟವೆಂದರೆ ಹುಡುಗರ ಆಟವೆಂದೇ ಆ ಕೋಣೆಯಲ್ಲಿ ಎಲ್ಲರೂ ತಿಳಿದಿದ್ದರು. ಅಕ್ಕೋರು ಕೂಡ.

"ನಾ ಹುಡುಗೂರ ಸಲುವಾಗಿ ಎತ್ತಿದ್ದೆ," ಎಂದರು ಅವರು.

"ನಿಯಮಕ್ಕ ಹುಡುಗೂರು ಯಾರು, ಹೆಣ್ಮಕ್ಕಳು ಯಾರು? ನಿಮಗ ಆಡಾಕ ಬಿಟ್ರ ನಾಳೆ ಅವರೂ ಕೇಳ್ತಾರ. ಹೆಣ್ಮಕ್ಕಳು ತಿರುಗ್ಯಾಡ್ಲಿ, ಕೂಡ್ಲಿ, ಯಾರು ಬ್ಯಾಡಂದ್ರು? ಚಹಾ ತಗೋರಿ."

ಚಹಾ ಮುಟ್ಟದೆ ಬಂದೆವು. ಅಕ್ಕೋರು ಸೋಲೊಪ್ಪುವವರಲ್ಲ. ಮುಂದಿನ ವಾರ ಚೆಂಡು ಹಿಡಿದು ಒಳಗೆ ಹೋಗಿ ಆಡಿಯೇಬಿಟ್ಟರು. ನಾವು ಕೆಲವರು ಅವರ ಜೊತೆಗೆ ನಿಂತೆವು. ಪೊಲೀಸರು ಬಂದರು. ನಮ್ಮನ್ನು ಏನೂ ಅನ್ನಲಿಲ್ಲ, ನಮ್ಮ ಮನೆಯ ಗಂಡಸರನ್ನು ಠಾಣೆಗೆ ಕರೆಸಿ ಬುದ್ಧಿ ಹೇಳಿ ಕಳಿಸಿದರು. ಅಷ್ಟು ಸಾಕಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕೋರ ಹೆಸರೆತ್ತುವಂತಿರಲಿಲ್ಲ. ನಗುತ್ತ ಕಳಿಸಿದ್ದ ಅತ್ತೆಯೇ ಬಾಗಿಲಿಗೆ ಅಡ್ಡ ನಿಂತರು.

ಮೆಹಬೂಬಿಯನ್ನು ಅವಳ ಅಣ್ಣ ದೂರದ ಸಂಬಂಧಕ್ಕೆ ಎರಡನೆಯ ಮದುವೆ ಮಾಡಿಕೊಟ್ಟ. ಹೊರಡುವ ಮುನ್ನ ಅವಳು ಅಕ್ಕೋರನ್ನು ಕಾಣಲು ಹೋದಳು. ನಾನೂ ಕದ್ದು ಹೋಗಿದ್ದೆ. ಅಕ್ಕೋರು ಅವಳ ಕೈಹಿಡಿದು ಏನೋ ಸಮಾಧಾನ ಹೇಳಹೊರಟರು. ಮೆಹಬೂಬಿ ಕೈ ಬಿಡಿಸಿಕೊಂಡಳು.

"ಬಯಲಿದ್ದಾಗ ಗಂಡಸರು ನೋಡ್ತಿದ್ರು, ಖರೆ. ಆದ್ರ ನಾವು ಆಡ್ತಿದ್ವಿರಿ. ಅವರು ನೋಡಿದ್ರ ನಂದೇನೂ ಸವೀತಿರಲಿಲ್ಲ. ನಾಕು ದಿನ ಬಿಟ್ಟು ನಾನ ಬರ್ತಿದ್ದೆ. ನೀವ್ಯಾಕ ಗ್ವಾಡಿ ಕೇಳಿದ್ರಿ?"

ಅವಳು ಹೋದ ಮೇಲೂ ಅಕ್ಕೋರ ಕೈ ಹಿಡಿದ ಹಾಗೆಯೇ ಇತ್ತು.

ಆಮೇಲೆ ಅವರು ಬಹಳ ವರ್ಷ ಬದುಕಿದರು. ಆ ಉದ್ಯಾನದೊಳಗೆ ಮತ್ತೆ ಕಾಲಿಡಲಿಲ್ಲ. ಅಚ್ಚುಕಟ್ಟಾದ ಉದ್ಯಾನದಿಂದ ಊರಿಗೆ ಹೆಸರು ಬಂತು. ಪರ ಊರಿನವರು ನೋಡಲು ಬರುತ್ತಿದ್ದರು.

ಅವರು ತೀರಿಕೊಂಡಾಗ ಪುರಸಭೆಯವರು ಸಂತಾಪ ಸಭೆಯನ್ನು ಅಲ್ಲಿಯೇ ಇಟ್ಟರು. ಅಂದು ಮಾತ್ರ ಹುಲ್ಲಿನ ಮೇಲೆ ಶಾಮಿಯಾನ ಹಾಕಿ ಕುರ್ಚಿ ಸಾಲಿಟ್ಟಿದ್ದರು. ಮಹಾರುದ್ರಪ್ಪನವರ ಮಗ ಮಾತಾಡಿದ. ಈ ಉದ್ಯಾನ ಅಕ್ಕೋರ ಕೂಸು ಎಂದ. ನಾವು ಹಳೆಯ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಭೆ ಮುಗಿದು ಜನ ಚದುರಿದರು. ನಾನು ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಉಳಿದೆ. ಕುರ್ಚಿ ಎತ್ತಿದ ಕಡೆಯಲ್ಲೆಲ್ಲ ಕಾಲುಗಳು ಊರಿದ್ದ ಸಣ್ಣ ಗುಳಿಗಳು ಸಾಲುಸಾಲಾಗಿ ಕಾಣುತ್ತಿದ್ದವು. ಮಾಲಿ ಬಂದು ಅವುಗಳ ಮೇಲೆ ನೀರು ಬಿಟ್ಟ. ನಾನು ಏಳುವ ಹೊತ್ತಿಗೆ ಹುಲ್ಲು ಒಂದೊಂದಾಗಿ ತಲೆಯೆತ್ತಿ ಅವನ್ನು ಮುಚ್ಚಿಕೊಳ್ಳುತ್ತಿತ್ತು.