ಗಿರಣಿಯ ಸದ್ದಿಗೆ ಸೀಮೆಎಣ್ಣೆಯ ರುಚಿ

ಬೆಳಿಗ್ಗೆ ಗಿರಣಿಯ ಸ್ವಿಚ್ಚು ಹಾಕಿದ ಕೂಡಲೇ ಅವಳ ಬಾಯಿಗೆ ಸೀಮೆಎಣ್ಣೆಯ ರುಚಿ ಬರುತ್ತಿತ್ತು. ಬಾಯಿ ಮುಕ್ಕಳಿಸಿದರೂ ಹೋಗುತ್ತಿರಲಿಲ್ಲ. ಸಂಜೆ ಯಂತ್ರ ನಿಂತ ಮೇಲೆ ಅದೂ ಇಳಿಯುತ್ತಿತ್ತು. ಅಲ್ಲಿಯವರೆಗೆ ಏನು ತಿಂದರೂ ಸೀಮೆಎಣ್ಣೆ ಬೆರೆಸಿ ತಿಂದ ಹಾಗೇ.

ಸದ್ದಿಗೆಲ್ಲ ಅವಳ ನಾಲಿಗೆಯಲ್ಲಿ ಒಂದೊಂದು ರುಚಿ. ಹುಟ್ಟಿನಿಂದಲೂ ಹಾಗೆಯೇ. ಬಾವಿಯ ರಾಟೆ ಕಿರ್ ಎಂದರೆ ಹುಳಿ, ಬಾಗಿಲ ಚಿಲಕ ಬಿದ್ದರೆ ಹಳೇ ತಾಮ್ರದ ಕಾಸು. ಎಲ್ಲರಿಗೂ ಹೀಗೇ ಇರುತ್ತದೆಂದು ಅವಳು ಬಹಳ ಕಾಲ ತಿಳಿದಿದ್ದಳು. ಶಾಲೆಯಲ್ಲಿ ಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟಿದಾಗ ಎದ್ದು ಹೋಗಿ ಕಿಟಕಿಯಾಚೆ ಉಗುಳಿದ್ದಕ್ಕೆ ಬೆತ್ತದ ಏಟು ಬಿದ್ದ ಮೇಲೆ, ಹೀಗಿರುವುದು ತನಗೊಬ್ಬಳಿಗೇ ಎಂದು ಗೊತ್ತಾಯಿತು. ಮುಂದೆ ಆಸ್ಪತ್ರೆಯ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, "ಇದು ಕಾಯಿಲೆಯಲ್ಲಮ್ಮ, ಕೆಲವರಿಗೆ ಹೀಗಿರುತ್ತೆ" ಎಂದು ಕಳಿಸಿದ್ದರು.

"ಕಾಯಿಲೆ ಅಲ್ಲ ಅಂದ್ಮೇಲೆ ಮದ್ದೂ ಇಲ್ಲ. ಅಲ್ಲಿಗೆ ಮುಗೀತು" ಎಂದಿದ್ದಳು ಅತ್ತೆ.

ಗಂಡನ ವಿಷಯ ಮಾತ್ರ ಬೇರೆ. ಗಿರಣಿಯ ಹುಡುಗನಾಗಿದ್ದಾಗ ಅವನು ಒಂದು ದಿನ ಅವಳ ತವರಿನ ಬಾಗಿಲಲ್ಲಿ ನಿಂತು, "ನಿಮ್ಮ ಚೀಲ ನಮ್ಮ ಗಾಡೀಲಿ ಬಂದುಬಿಟ್ಟಿತ್ತು, ತಗೊಳ್ಳಿ" ಎಂದಿದ್ದ. ಅಷ್ಟೇ ಮಾತು. ಆಗ ತಾನೇ ಬಳ್ಳಿಯಿಂದ ಕಿತ್ತ ಎಳೆ ಸೌತೆಕಾಯಿ ಕಚ್ಚಿದಂತಾಗಿ ಅವಳು ಚೀಲ ಮರೆತು ನಿಂತಿದ್ದಳು. ಮದುವೆಗೆ ಒಪ್ಪಿಗೆ ಕೇಳಿದಾಗ ಅವಳು ಅವನ ರೂಪ ನೋಡಲಿಲ್ಲ, ಮನೆ ನೋಡಲಿಲ್ಲ. ನೋಡಿದ್ದರೆ ಗಿರಣಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ ಎಂಬುದು ಕಾಣುತ್ತಿತ್ತು.

ಆಗ ಇದ್ದದ್ದು ಕಲ್ಲಿನ ಗಿರಣಿ. ಅದರ ಗುರುಗುರು ಸದ್ದಿಗೆ ಹುರಿದ ಗೋಧಿಯ ರುಚಿಯಿತ್ತು, ಅವಳಿಗೇನೂ ತೊಂದರೆಯಿರಲಿಲ್ಲ. ಕಲ್ಲು ಸವೆಯಿತು. ಕಳೆದ ಸುಗ್ಗಿ ಮುಗಿದ ಮೇಲೆ ಗಂಡ ಅದನ್ನು ಕಿತ್ತು, ಉಕ್ಕಿನ ಬಡಿಗೆಗಳಿರುವ ಹೊಸ ಯಂತ್ರ ತಂದು ಕೂರಿಸಿದ. ಕೆಲಸ ಚುರುಕು, ಹಿಟ್ಟು ನುಣುಪು. ಸದ್ದಂತೂ ಹೇಳತೀರದು.

ಮೊದಲು ಕೆಟ್ಟಿದ್ದು ಅಡುಗೆ. ಒಲೆಯ ಮುಂದೆ ನಿಂತು ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿದರೆ ಉಪ್ಪೇ ತಿಳಿಯದು. ಇನ್ನೊಂದು ಚಿಟಿಕೆ ಹಾಕುವಳು. ಆಗಲೂ ಸೀಮೆಎಣ್ಣೆ. ಮತ್ತೊಂದು ಚಿಟಿಕೆ.

"ಏನಮ್ಮಾ, ಸಮುದ್ರ ಬತ್ತಿಸಿ ತಂದ್ಯಾ?" ಎಂದು ಅತ್ತೆ ತಟ್ಟೆ ಸರಿಸಿದಳು.

"ಗೋಡೆ ಆಚೆ ನಿಮ್ಮ ಮಗ ಗಿರಣಿ ಓಡಿಸ್ತಿದ್ರೆ ನನ್ನ ನಾಲಿಗೆ ಏನು ಮಾಡುತ್ತೆ, ಅತ್ತೆ?"

"ಗಿರಣಿ ಕಿವಿಗೆ ಕೇಳೋದು. ಉಪ್ಪು ಬಾಯಿಗೆ ಹತ್ತೋದು. ನಿನಗೆ ಎರಡೂ ಒಂದೇನಾ?"

"ಒಂದೇ! ಎಷ್ಟು ಸಲ ಹೇಳಲಿ?"

ಅತ್ತೆ ಮಜ್ಜಿಗೆ ಸುರಿದುಕೊಂಡು ಉಂಡಳು. ಅವಳ ಪ್ರಕಾರ ಮಜ್ಜಿಗೆಗೆ ಯಾರ ನಾಲಿಗೆಯ ಹಂಗೂ ಇಲ್ಲ.

ಅಳತೆ ಮಾಡಿ ಉಪ್ಪು ಹಾಕಿದರಾಯಿತು, ಅದೇನು ದೊಡ್ಡ ವಿಷಯವಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳ ನಿಜವಾದ ಚಿಂತೆ ಬೇರೆಯದು. ಆ ಯಂತ್ರದ ಪಕ್ಕದಲ್ಲಿ ದಿನವಿಡೀ ಕಿರುಚಿ ಕಿರುಚಿ ಗಂಡನಿಗೆ ಕಿರುಚುವುದೇ ಮಾತಾಗಿಬಿಟ್ಟಿತ್ತು. ಯಂತ್ರ ನಿಲ್ಲಿಸಿ, ಕೈಕಾಲು ತೊಳೆದು, ಊಟಕ್ಕೆ ಕುಳಿತ ಮೇಲೂ, "ನೀರು ಕೊಡೇ!" ಎಂದು ಹೊಲದ ಆಚೆ ಬದುವಿನಲ್ಲಿ ನಿಂತವಳನ್ನು ಕರೆದಂತೆ ಕೂಗುತ್ತಿದ್ದ. ಆ ಕೂಗು ಅವಳ ಬಾಯಲ್ಲಿ ಬರೀ ಕಹಿ. ಸೌತೆಕಾಯಿಯ ತೊಟ್ಟಿನ ಕಡೆಯ ಕಹಿ, ಗಂಟಲವರೆಗೂ. ಯಂತ್ರವಾದರೆ ಸಂಜೆಗೆ ನಿಲ್ಲುತ್ತದೆ. ಗಂಡನ ದನಿಯೇ ಹೀಗಾಗಿಬಿಟ್ಟರೆ ಇನ್ನುಳಿದ ಆಯಸ್ಸನ್ನು ಈ ಕಹಿ ನುಂಗಿಕೊಂಡೇ ಕಳೆಯಬೇಕೇ?

"ಮೆತ್ತಗೆ ಮಾತಾಡ್ರೀ."

"ಮೆತ್ತಗೇ ಮಾತಾಡ್ತಿದ್ದೀನಲ್ಲ!" ಎಂದು ಅವನು ಕೂಗಿದ. ಬೆಕ್ಕು ಎದ್ದು ಹೊರಗೆ ಹೋಯಿತು.

ದನಿಯ ವಿಷಯ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಿಮ್ಮ ದನಿ ಕಹಿಯಾಗಿದೆ ಎಂದು ಕಟ್ಟಿಕೊಂಡ ಗಂಡನಿಗೆ ಹೇಗೆ ಹೇಳುವುದು? ಹಾಗಾಗಿ ಎಲ್ಲ ಜಗಳವೂ ಉಪ್ಪಿನ ಮೇಲೇ ನಡೆಯಿತು. ಕೊನೆಗೆ ಅವನೇ ಒಂದು ದಾರಿ ಹೇಳಿದ.

"ಉಪ್ಪು ನೋಡೋ ಹೊತ್ತಿಗೆ ಗೋಡೆ ಬಡಿ. ಯಂತ್ರ ನಿಲ್ಲಿಸ್ತೀನಿ. ನೋಡಿಕೋ. ಆಮೇಲೆ ಸುಮ್ಮನಿರಬೇಕು."

ಮಾರನೇ ದಿನ ಬೇಕರಿಯವನ ಗೋಧಿ ಬೀಸುತ್ತಿದ್ದಾಗ ಅವಳು ಸೌಟಿನಿಂದ ಗೋಡೆ ಬಡಿದಳು. ಅವನು ಕೊಟ್ಟ ಮಾತಿನಂತೆ ಸ್ವಿಚ್ಚು ತೆಗೆದ. ಆದರೆ ಯಂತ್ರದ ಹೊಟ್ಟೆಯಲ್ಲಿ ಕಾಳು ಇದ್ದಹಾಗೇ ನಿಲ್ಲಿಸಬಾರದು. ಅದನ್ನು ಪೂರ್ತಿ ಖಾಲಿ ಮಾಡಿಯೇ ನಿಲ್ಲಿಸಬೇಕು. ಇಷ್ಟು ವರ್ಷದ ಗಿರಣಿಯವನಿಗೆ ಅದು ತಿಳಿಯದ್ದೇನಲ್ಲ. ಹೆಂಡತಿಯ ಉಪ್ಪಿನ ಅವಸರದಲ್ಲಿ ಮರೆತ. ಅವಳು ಉಪ್ಪು ನೋಡಿ "ಆಯ್ತು" ಎಂದಾಗ ಮತ್ತೆ ಸ್ವಿಚ್ಚು ಹಾಕಿದ. ತುಂಬಿದ ಹೊಟ್ಟೆ ತಿರುಗಲಿಲ್ಲ. ಮೋಟರ್ ಮುಲುಗಿತು, ಬೆಲ್ಟು ಜಾರಿ ಜಾರಿ ಸುಟ್ಟು ಹೊಗೆಯೆದ್ದಿತು.

"ಅಡುಗೆ ಘಮ ಜೋರಾಗಿದೆ" ಎಂದ ಬೇಕರಿಯವನು, ಮೂಗು ಮುಚ್ಚಿಕೊಂಡು.

ಮಧ್ಯಾಹ್ನವೆಲ್ಲ ಗಂಡ ಯಂತ್ರದ ಮುಚ್ಚಳ ಬಿಚ್ಚಿ ಕೈಯಿಂದ ಗೋಧಿ ತೋಡಿದ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಒಳಗೆ ಬಂದ.

"ತೃಪ್ತಿ ಆಯ್ತಾ? ಸರಿ ಇತ್ತಾ ನಿನ್ನ ಉಪ್ಪು?"

"ಉಪ್ಪು ಸರಿ ಇತ್ತು. ನಿಮ್ಮದೇ ಸರಿ ಇಲ್ಲ!"

"ನನ್ನದೇನು?"

ಅವಳಿಗೆ ತಡೆಯಲಾಗಲಿಲ್ಲ. "ನಿಮ್ಮ ದನಿ! ಕಹಿ ಹತ್ತಿಹೋಗಿದೆ. ನೀವು ಬಾಯಿ ಬಿಟ್ಟರೆ ನನಗೆ ಉಗುಳೋ ಹಾಗಾಗುತ್ತೆ. ಮೊದಲು ಹೀಗಿರಲಿಲ್ಲ. ನೀವು ಮಾತಾಡ್ತಿದ್ರೆ ನಾನು ಊಟ ಕೂಡ ಮರೀತಿದ್ದೆ. ಈಗ ನೀವು ಸುಮ್ಮನೆ ಮಲಗಿದ್ರೆ ಸಾಕು ಅನ್ನೋ ಹಾಗಾಗಿದೆ ನನ್ನ ಗತಿ!"

ಮುಖದ ಮೇಲಿನ ಹಿಟ್ಟಿನಿಂದಾಗಿ ಅವನಿಗಾದದ್ದು ಕೋಪವೋ ದುಃಖವೋ ತಿಳಿಯುವಂತಿರಲಿಲ್ಲ. ಅವನು ಅತ್ತೆಯ ದಿಂಬಿನ ಹೊಲಿಗೆ ಬಿಚ್ಚಿದ ಮೂಲೆಯಿಂದ ಹತ್ತಿ ಕಿತ್ತು ಉಂಡೆ ಮಾಡಿ, ಎರಡೂ ಕಿವಿಗೆ ತುರುಕಿಕೊಂಡ.

"ಗಿರಣಿ ಗಲಾಟೆ ತಡ್ಕೊಂಡೆ. ನಿನ್ನದು ನನ್ನ ಕೈಲಾಗಲ್ಲ. ಇನ್ನು ನೀನುಂಟು, ಗೋಡೆ ಉಂಟು" ಎಂದ.

ಹಾಗೆಂದವನು ತಾನೇ ಬೆಚ್ಚಿದ. ಕಿವಿ ಮುಚ್ಚಿದ್ದರಿಂದ ಅವನ ದನಿ ಅವನ ತಲೆಯೊಳಗೇ ಗುಡುಗಿತ್ತು. "ಏನಿದು" ಎಂದು ಇಳಿಸಿ ಕೇಳಿದ. ಅದೂ ಜೋರೆನಿಸಿರಬೇಕು. "ಸ್ನಾನಕ್ಕೆ ನೀರು ಕಾದಿದೆಯಾ?" ಎಂದಾಗ ದನಿ ಇನ್ನೂ ತಗ್ಗಿತ್ತು.

"ಯಾಕೋ, ಗಂಟಲು ಕಟ್ಟಿತಾ?" ಎಂದಳು ಅತ್ತೆ. ಅವನಿಗೆ ಕೇಳಿಸಲಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಕಹಿ ಪೂರ್ತಿ ಹೋಗಿರಲಿಲ್ಲ. ಆದರೆ ಅದರ ಅಡಿಯಲ್ಲಿ ತಣ್ಣಗೆ, ನೀರು ನೀರಾಗಿ, ಆ ಎಳೆ ಸೌತೆಯ ರುಚಿ ಇನ್ನೂ ಇತ್ತು. ದನಿ ಕೆಟ್ಟಿರಲಿಲ್ಲ. ಮುಚ್ಚಿಹೋಗಿತ್ತು, ಅಷ್ಟೇ.

"ಇನ್ನೊಂದು ಸಲ ಹೇಳ್ರೀ."

"ಆಂ?"

"ನೀರಿನ ವಿಷಯ. ಇನ್ನೊಂದು ಸಲ."

"ಕೇಳಿಸಲ್ಲ ಕಣೇ. ಕೇಳಿಸಬಾರದು ಅಂತಲೇ ಹಾಕ್ಕೊಂಡಿರೋದು." ಅದನ್ನೂ ಅವನು ಮೆತ್ತಗೇ ಹೇಳಿದ. ಅವಳು ಜಗಳ ಅಲ್ಲಿಗೇ ಬಿಟ್ಟು ನೀರು ಕಾಯಿಸಲು ಹೋದಳು.

ಹೊಸ ಬೆಲ್ಟು ಬಂದ ದಿನವೂ ಅವನು ಹತ್ತಿ ಹಾಕಿಕೊಂಡೇ ಯಂತ್ರ ಶುರು ಮಾಡಿದ. ತಲೆನೋವು ಕಡಿಮೆ ಎಂದು ಹೇಳಿದನೇ ಹೊರತು ಅವಳಿಗಾಗಿ ಎಂದು ಒಪ್ಪಲಿಲ್ಲ. ಈಗ ಗಿರಾಕಿಗಳು ಕಿರುಚಬೇಕಾಯಿತು. ಕೋಳಿ ಸಾಕುವ ತಾತ "ದಪ್ಪಗೆ ಒಡೀಪ್ಪಾ, ಮರಿಗಳಿಗೆ!" ಎಂದು ಕೂಗಿದರೆ ಇವನು ತಲೆಯಾಡಿಸಿ ಹಿಟ್ಟಿನಂತೆ ಬೀಸಿ ಕೊಟ್ಟ. ಮಾರನೇ ದಿನ ತಾತ ಚೀಲ ಹೊತ್ತು ವಾಪಸು ಬಂದ.

"ಕೋಳಿ ಮೂಗಿಗೆಲ್ಲ ಹಿಟ್ಟು. ಸೀನ್ತಾ ಕೂತಿವೆ ಕಣಮ್ಮಾ!"

ಗಿರಾಕಿಗಳು ಹೀಗೆ ಹಿಂದಿರುಗತೊಡಗಿದರೆ ಅವನು ಹತ್ತಿ ಕಿತ್ತೆಸೆಯುವುದು ಖಂಡಿತ ಎಂದು ಅವಳಿಗೆ ಹೊಳೆಯಿತು. ಮತ್ತೆ ಅದೇ ಕೂಗು, ಅದೇ ಕಹಿ. ಅವಳು ಸೌಟನ್ನು ಅತ್ತೆಯ ಕೈಗೆ ಕೊಟ್ಟಳು.

"ನಾನು ಅಡುಗೆ ಮಾಡಿದರೆ ಉಪ್ಪೇ ಹಾಕಲ್ಲ. ನನಗೆ ರಕ್ತದೊತ್ತಡ" ಎಂದಳು ಅತ್ತೆ.

"ಹಾಕಬೇಡಿ. ಹೇಗೂ ನನಗೆ ತಿಳಿಯಲ್ಲ."

ಅವಳು ಹೋಗಿ ಯಂತ್ರದ ಪಕ್ಕದಲ್ಲೇ ನಿಂತಳು. ಗೋಡೆಯೂ ಅಡ್ಡವಿಲ್ಲದ ಸೀಮೆಎಣ್ಣೆ ನೆತ್ತಿಗೇರಿ ಕಣ್ಣಲ್ಲಿ ನೀರು ತುಂಬಿತು. ಗಿರಾಕಿಗಳ ಕಿವಿಯ ಹತ್ತಿರ ಬಾಗಿ ಬೇಕಾದ್ದು ಕೇಳಿಕೊಂಡು, ಗಂಡನಿಗೆ ಕೈಯಲ್ಲಿ ಹೇಳತೊಡಗಿದಳು: ಬೆರಳ ತುದಿಗಳನ್ನು ಉಜ್ಜಿದರೆ ನುಣ್ಣಗೆ, ಮುಷ್ಟಿ ಹಿಡಿದರೆ ದಪ್ಪಗೆ.

"ಏನಮ್ಮಾ, ಯಜಮಾನರ ಕಿವಿಗೇನಾಯ್ತು?" ಎಂದು ಬೇರೆ ಜೋಳ ತಂದಿದ್ದ ತಾತ ಕೇಳಿದ.

"ಹೆಂಡತಿ ಮಾತು ಕೇಳಿಸಬಾರದಂತೆ, ತಾತಾ."

"ಪುಣ್ಯವಂತ! ಎಲ್ಲಿ ಸಿಗುತ್ತೆ ಆ ಹತ್ತಿ?"

ಅವಳು ಹಲ್ಲು ಕಚ್ಚಿಕೊಂಡು ಮುಷ್ಟಿ ಹಿಡಿದು ತೋರಿಸಿದಳು. ಗಂಡ ತಲೆಯಾಡಿಸಿದ. ತಾತನ ಜೋಳ ಮುಗಿದ ಮೇಲೆ ಹೊಟ್ಟೆ ಪೂರ್ತಿ ಖಾಲಿಯಾಗುವವರೆಗೆ ಕಾದು ಯಂತ್ರ ನಿಲ್ಲಿಸಿದ. ಅವಳ ಕಡೆ ತಿರುಗಿ, ಮಲಗಿದ ಮಗುವನ್ನು ಎಬ್ಬಿಸುವವನ ಹಾಗೆ ಮೆತ್ತಗೆ, "ಮುಂದಿನ ಚೀಲ ಯಾರದು?" ಎಂದ.

ಮುಂದಿನ ಚೀಲದವರು ಎದುರಿಗೇ ಕಾಯುತ್ತಿದ್ದರು. ಉತ್ತರ ಹೇಳಲು ಅವಳು ಸ್ವಲ್ಪವೂ ಅವಸರಪಡಲಿಲ್ಲ.